ಉಳಿಕೆ ಸೀರೆಯ ಮನೆ

ನಮ್ಮದು ಬಟ್ಟೆ ಅಂಗಡಿಯ ಮನೆ. ಆದ್ದರಿಂದಲೇ ನಮ್ಮ ಮನೆಯ ಹೆಂಗಸರಿಗೆ ಒಳ್ಳೆಯ ಸೀರೆ ಇರಲಿಲ್ಲ. ಇದನ್ನು ಹೇಳಿದಾಗ ಬೇರೆಯವರು ನಗುತ್ತಾರೆ. ಅಂಗಡಿ ಇಟ್ಟವರ ಮನೆಯಲ್ಲಿ ಹುಟ್ಟಿದವರು ಮಾತ್ರ ನಗದೆ ತಲೆಯಾಡಿಸುತ್ತಾರೆ. ಶನಿವಾರಸಂತೆಯ ಪೇಟೆಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಬಾಗಿಲಿಲ್ಲದ ಚೌಕಟ್ಟಿಗೆ ಇಳಿಬಿಟ್ಟ ಒಂದು ಪರದೆ. ಆ ಪರದೆಯೂ ಮಾರಾಟವಾಗದ ಬಟ್ಟೆಯ ಥಾನಿನದೇ. ಪರದೆಯ ಆಚೆ ಹೊಸ ಬಟ್ಟೆಯ ವಾಸನೆ, ಈಚೆ ಅಕ್ಕಿ ರೊಟ್ಟಿಯದೂ ಅಜ್ಜಿಯ ವಿಭೂತಿಯದೂ ವಾಸನೆ. ನಡುಮನೆಯಲ್ಲಿ ಒಂದು ಮರದ ಬೀರು ಇತ್ತು. ದೀಪಾವಳಿಯ ಮೇಲೆ ದೀಪಾವಳಿ ಕಳೆದರೂ ಯಾರೂ ಕೊಳ್ಳದ ಸೀರೆಗಳು ಕೊನೆಗೆ ಅಲ್ಲಿಗೆ ಬಂದು ಸೇರುತ್ತಿದ್ದವು. ಮಡಿಕೆಯ ಮೇಲೆ ಬಿಸಿಲು ಬಿದ್ದು ಉದ್ದಕ್ಕೂ ಬಿಳಿಚಿಕೊಂಡವು, ಅಚ್ಚು ತಪ್ಪಿ ಹೂವು ಒಂದು ಕಡೆ ಎಲೆ ಒಂದು ಕಡೆ ಬಿದ್ದವು, ಇಲಿ ಸೆರಗಿನ ರುಚಿ ನೋಡಿದವು, ಮತ್ತೆ ಯಾವ ತಪ್ಪೂ ಇಲ್ಲದೆ ಬರೀ ಬಣ್ಣದಿಂದ ಕೆಟ್ಟವು. ಅದಕ್ಕೆ ಉಳಿಕೆ ಬೀರು ಎಂದೇ ಹೆಸರು. ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ನಮ್ಮ ಮನೆಗೆ ಸೊಸೆಯಾಗಿ ಬಂದವರೂ ಮಗಳಾಗಿ ಹುಟ್ಟಿದವರೂ ಉಟ್ಟದ್ದು ಆ ಬೀರುವಿನಿಂದಲೇ. ನನ್ನ ಲಂಗಗಳೂ ಅದೇ ಸೀರೆಗಳ ತುಂಡುಗಳು.

"ಹಾಲು ಮಾರೋರು ಮಜ್ಜಿಗೆ ಕುಡೀತಾರೆ ಕಣವ್ವ. ಗಿರಾಕಿ ಉಡೋ ಸೀರೆನ ನಾವೇ ಉಟ್ಕಂಡ್ರೆ ಗಿರಾಕಿಗೆ ಏನ್ ಕೊಡಾದು?"

ಇದು ಅಜ್ಜಿಯ ಮಾತು. ಅಜ್ಜಿ ಅಪ್ಪನ ತಾಯಿ, ಮನೆಯ ಯಜಮಾನಿ. ಅಜ್ಜ ಇಲ್ಲವಾದ ಮೇಲೆ ಅಂಗಡಿಯ ಗಾದಿಯ ಮೂಲೆಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅವಳು ಕೂತದ್ದು ಕೂತದ್ದೇ. ಅಪ್ಪ ಸೀರೆ ಬಿಡಿಸಿ ತೋರಿಸುತ್ತಿದ್ದ. ಯಾವ ಸೀರೆ ಬಿಡಿಸಬೇಕು ಎಂದು ಕಣ್ಣಿನಲ್ಲೇ ಹೇಳುತ್ತಿದ್ದವಳು ಅಜ್ಜಿ. ಬರುವ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಮಾತಿನವರು. ಅಪ್ಪ ಕೊಡವರ ಹತ್ತಿರ ಕೊಡವ ಮಾತು, ಮಾಪಿಳ್ಳೆಯವರ ಹತ್ತಿರ ಮಲಯಾಳ, ಎಸ್ಟೇಟಿನ ತಮಿಳರ ಹತ್ತಿರ ತಮಿಳು ಎಂದು ಎಲ್ಲ ಹರಕುಮುರುಕಾಗಿ ಆಡಿ ವ್ಯಾಪಾರ ಮಾಡುತ್ತಿದ್ದ. ತಾಯಿಯ ಹತ್ತಿರ ಮಾತ್ರ ಅವನಿಗೆ ಯಾವ ಮಾತೂ ಬರುತ್ತಿರಲಿಲ್ಲ. ಒಳ್ಳೆಯವನು, ಆದರೆ ಅಜ್ಜಿಯ ಮುಂದೆ ಎದ್ದು ನಿಂತು ಒಂದು ದಿನ ಇಲ್ಲ ಎಂದವನಲ್ಲ.

ಅಂಥ ಮನೆಗೆ ಅಮ್ಮ ಬಂದಳು. ಹೆಸರು ಗಿರಿಜಾ, ಸೋಮವಾರಪೇಟೆ ಕಡೆಯವಳು, ಮದುವೆಗೆ ಮುಂಚೆಯೇ ಟೀಚರ್. ಪೇಟೆಯಿಂದ ಬಸ್ಸಿನಲ್ಲಿ ಹೋಗಿ, ಇಳಿದು, ಕಾಫಿ ಎಸ್ಟೇಟಿನ ನಡುವಿನ ಏರುದಾರಿಯಲ್ಲಿ ನಡೆದರೆ ಅವಳ ಶಾಲೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮಕ್ಕಳು, ಸುತ್ತಲಿನ ರೈತರ ಮಕ್ಕಳು, ಅವರ ನಡುವೆ ನಾನು. ನನ್ನನ್ನು ಪೇಟೆಯ ಶಾಲೆಗೆ ಸೇರಿಸದೆ ತನ್ನ ಜೊತೆಗೇ ಕರೆದುಕೊಂಡು ಹೋಗುತ್ತಿದ್ದಳು. ಅಮ್ಮನಿಗೆ ಅಲಂಕಾರವೆಂದರೆ ಪ್ರಾಣ. ಇದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಟೀಚರ್ ಆದವಳು ಸರಳವಾಗಿರಬೇಕು, ಸರಳವೆಂದರೆ ಮಾಸಲಾಗಿರಬೇಕು ಎಂದು ನಂಬಿದ ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ಅಮ್ಮ ಅವರ ಮಾತಿಗೆ ಸೊಪ್ಪು ಹಾಕಿದವಳಲ್ಲ.

"ಆ ಮಕ್ಕಳು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನನ್ನನ್ನೇ ನೋಡ್ಕೊಂಡು ಕೂತಿರ್ತಾವೆ. ಅವಕ್ಕೆ ನೋಡೋಕೆ ಏನಾದ್ರೂ ಚೆಂದ ಇರ್ಬೇಡ್ವಾ?"

ಬೆಳಿಗ್ಗೆ ಅಜ್ಜಿಯ ಲಿಂಗಪೂಜೆ ಮುಗಿಯುವ ಮೊದಲೇ ಅಮ್ಮನ ಪೂಜೆ ಶುರುವಾಗುತ್ತಿತ್ತು. ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ ಕನ್ನಡಿ. ಅದರಲ್ಲಿ ಮುಖ ಕಂಡರೆ ಕುತ್ತಿಗೆ ಕಾಣದು, ಕುತ್ತಿಗೆ ಕಂಡರೆ ಮುಖ ಕಾಣದು. ಮುಖಕ್ಕೆ ಕಡಲೆಹಿಟ್ಟು, ವಾರಕ್ಕೊಮ್ಮೆ ತಲೆಗೆ ಮತ್ತಿ ಸೊಪ್ಪಿನ ಲೋಳೆ, ಸೀಮೆಸುಣ್ಣ ಹಿಡಿದು ಹಿಡಿದು ಬಿರಿಯುವ ಬೆರಳುಗಳಿಗೆ ಕೊಬ್ಬರಿ ಎಣ್ಣೆ. ಪೌಡರಿನ ವಿಷಯದಲ್ಲಿ ಮನೆಯಲ್ಲಿ ಒಂದು ಒಪ್ಪಂದವಾಗಿತ್ತು. ಅಜ್ಜಿ ಅಮ್ಮನ ಹಣೆಗೆ ಹಚ್ಚಿದ ವಿಭೂತಿಯ ಮೇಲೆ ಅಮ್ಮ ಪೌಡರ್ ಬಳಿದು ಅದನ್ನು ಮಂಕು ಮಾಡಿದ್ದಕ್ಕೆ ಒಮ್ಮೆ ದೊಡ್ಡ ರಂಪವಾಗಿ, ಅಂದಿನಿಂದ ಪೌಡರ್ ಮೊದಲು, ವಿಭೂತಿ ಆಮೇಲೆ, ಕುಂಕುಮ ಕೊನೆಗೆ ಎಂದು ತೀರ್ಮಾನವಾಗಿತ್ತು. ಕಾಡಿಗೆಯ ಮಟ್ಟಿಗೆ ಮಾತ್ರ ಅತ್ತೆ ಸೊಸೆ ಒಂದೇ ಪಕ್ಷ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಾಕಿ, ಮಸಿ ಕೆರೆದು, ತುಪ್ಪ ಬೆರೆಸಿ ಅಜ್ಜಿಯೇ ಮಾಡಿಕೊಡುತ್ತಿದ್ದಳು. ಕಣ್ಣು ತಂಪಾಗಿರಲಿ ಅಂತ ಮಾಡಿದ್ದು, ಚೆಂದಕ್ಕಲ್ಲ ಎಂದು ಪ್ರತಿ ಸಲ ಹೇಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಇನ್ನು ಕೈಗಡಿಯಾರ: ಅಮ್ಮ ಅದರ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟುತ್ತಿದ್ದಳು. ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಹೊತ್ತು ಗೊತ್ತಾಗುತ್ತಿತ್ತು, ಅವಳು ಹೊತ್ತು ನೋಡಿದ್ದು ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಬಳೆಗೆ ಸಿಕ್ಕಿಸಿದ ಪಿನ್ನುಗಳು ಹರಿದ ಅಂಗಿಯ ಮಕ್ಕಳಿಗೆ. ಏರುದಾರಿಗೆ ರಬ್ಬರ್ ಅಟ್ಟೆಯ ಚಪ್ಪಲಿ, ಪಾದಕ್ಕೆ ಜಿಗಣೆ ಹತ್ತದಂತೆ ಸೋಪು ಸವರಿಕೆ. ತಲೆಗೆ ಹೂವನ್ನು ಮಾತ್ರ ಮನೆಯಿಂದ ಮುಡಿದು ಹೋಗುತ್ತಿರಲಿಲ್ಲ. ಶಾಲೆಯ ಗೇಟಿನಲ್ಲಿ ಯಾವ ಮಗು ಯಾವ ಹೂವು ಕೊಟ್ಟರೂ, ಡೇರೆಯಾಗಲಿ ದಾಸವಾಳವಾಗಲಿ, ಅದನ್ನೇ ಮುಡಿದುಕೊಂಡು ತರಗತಿಗೆ ಬರುತ್ತಿದ್ದಳು.

ಈಚೆಗೆ ನನ್ನ ಶಾಲೆಯಲ್ಲಿ ಹೊಸದಾಗಿ ಬಂದ ಚಿಕ್ಕ ಪ್ರಾಯದ ಟೀಚರ್ ಒಬ್ಬಳು ಮೊಬೈಲ್ ಹಿಡಿದು ನನ್ನ ಮುಂದೆ ನಿಂತಳು. ನಾನೂ ಅಮ್ಮನಂತೆ ಟೀಚರ್ ಆದವಳು, ಈಗ ಇನ್ನೇನು ನಿವೃತ್ತಿಯಾಗುವ ಹೆಡ್‌ಮಿಸ್.

"ಮೇಡಂ, ದಿನಾ ಶಾಲೆಗೆ ನೀವು ಹಾಕೋದು, ಹಚ್ಚೋದು, ನಿಮ್ಮ ಫೇವರಿಟ್ಸ್ ಒಂದು ನಿಮಿಷದಲ್ಲಿ ಹೇಳಿ. ರೀಲ್ ಮಾಡ್ತೀನಿ."

ನಾನು ಗಂಜಿ ಹಾಕಿದ ಕಾಟನ್ ಸೀರೆ ಎಂದೆ, ಕಾಡಿಗೆ ಎಂದೆ, ಒಳಗಡೆಗೆ ಕಟ್ಟಿದ ವಾಚು ತೋರಿಸಿದೆ. ಹುಡುಗಿಗೆ ಬಹಳ ಖುಷಿಯಾಯಿತು, ಎಷ್ಟೋ ಜನ ನೋಡಿದರಂತೆ. ಆ ಒಂದು ನಿಮಿಷದೊಳಗೆ ಹಿಡಿಸದೆ ಉಳಿದದ್ದು ಈ ಕತೆ. ನನ್ನ ಇಷ್ಟದ ವಸ್ತುಗಳು ಯಾವುವು ಎಂದು ನಾನು ಇವತ್ತು ಸಲೀಸಾಗಿ ಹೇಳುತ್ತೇನೆ. ನನ್ನ ಮನೆಯಲ್ಲಿ ಇಷ್ಟ ಎನ್ನುವ ಮಾತನ್ನು ಒಬ್ಬಳು ಹೋರಾಡಿ ತಂದಳು.

ಮೊದಮೊದಲು ಅಮ್ಮ ಉಳಿಕೆ ಬೀರುವಿನ ಬಗ್ಗೆ ಜಗಳವಾಡಲಿಲ್ಲ. ಅದನ್ನೇ ಗೆದ್ದಳು. ಬಿಳಿಚಿದ ಗೆರೆಯನ್ನು ನೆರಿಗೆಯ ಒಳಗೆ ಅಡಗಿಸಿದಳು. ಇಲಿ ಕಡಿದ ಸೆರಗನ್ನು ಕತ್ತರಿಸಿ ಬೇರೆ ಬಣ್ಣದ ಪಟ್ಟಿ ಹೊಲಿದಳು. ಅನ್ನದ ಗಂಜಿಗೆ ಒಂದು ಚಿಟಿಕೆ ನೀಲಿ ಬೆರೆಸಿ, ಸೀರೆ ಅದ್ದಿ, ಹಿತ್ತಲ ತಂತಿಯ ಮೇಲೆ ನಾನೊಂದು ತುದಿ ಅವಳೊಂದು ತುದಿ ಹಿಡಿದು ಸುಕ್ಕಿಲ್ಲದೆ ಹರಡಿ, ಆಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದರೆ ಎಂಥ ದರಿದ್ರ ಸೀರೆಯೂ ನೆಟ್ಟಗೆ ನಿಲ್ಲುತ್ತಿತ್ತು. ಹಾಗಲಕಾಯಿ ಹಸಿರಿನ ಒಂದು ಸೀರೆ ಇತ್ತು, ಅಜ್ಜಿಯೇ ಅದನ್ನು ನೋಡಿ ಮುಖ ಸಿಂಡರಿಸುತ್ತಿದ್ದಳು. ಅಮ್ಮ ಅದಕ್ಕೆ ಕಟ್‌ಪೀಸಿನ ರಾಶಿಯಿಂದ ಹಳೇ ಇಟ್ಟಿಗೆ ಬಣ್ಣದ ರವಿಕೆ ಬಟ್ಟೆ ಹುಡುಕಿ ಹೊಲಿಸಿದಳು.

"ಕೆಟ್ಟ ಬಣ್ಣ ಅಂತ ಯಾವುದೂ ಇಲ್ಲ ಪುಟ್ಟಿ. ಅದಕ್ಕೆ ಸರಿಯಾದ ಜೊತೆ ಸಿಕ್ಕಿರಲ್ಲ ಅಷ್ಟೆ."

ಆ ಸೀರೆ ಉಟ್ಟು ಅಮ್ಮ ಶಾಲೆಗೆ ಹೋದ ವಾರದ ಸಂತೆಯ ದಿನ ಲೈನ್ ಮನೆಯ ಹೆಂಗಸರು ಅಂಗಡಿಗೆ ಬಂದರು. ಅವರಲ್ಲಿ ನನ್ನ ತರಗತಿಯ ಸೆಲ್ವಿಯ ತಾಯಿ ಮುತ್ತಮ್ಮ ಎಲ್ಲರಿಗಿಂತ ಮುಂದೆ.

"ಅಣ್ಣಾ, ಟೀಚರ್ ಕಟ್ಟಿದ್ರಲ್ಲ ಹಸಿರು ಸೀರೆ, ಅದು ಬೇಕು. ಬ್ಲೌಸು ಕೂಡ ಅದೇ ಬೇಕು."

ಅಪ್ಪ ತಬ್ಬಿಬ್ಬಾದ. ಅದೇ ಥಾನಿನ ಸೀರೆಗಳು ಇನ್ನೂ ಗೋದಾಮಿನಲ್ಲಿ ಬಿದ್ದಿದ್ದವು, ಸಂಜೆಯೊಳಗೆ ಎಲ್ಲ ಖಾಲಿ. ನಮ್ಮ ಅಂಗಡಿಯಲ್ಲಿ ಟೀಚರ್ ಸೀರೆ ಎಂಬ ಮಾತು ಹುಟ್ಟಿದ್ದು ಆವತ್ತು. ಅಮ್ಮನಿಗೂ ಹೆಮ್ಮೆಯೇ ಆಗಿತ್ತು. ಊಟಕ್ಕೆ ಕೂತಾಗ ಅಜ್ಜಿ ಅವಳ ತಟ್ಟೆಗೆ ಇನ್ನೊಂದು ಕಡುಬು ತಾನಾಗಿ ಬಡಿಸಿದಳು, ತುಪ್ಪ ಸುರಿದಳು. ಅದು ಅಜ್ಜಿಯ ಮಟ್ಟಿಗೆ ಸನ್ಮಾನ.

ಆದರೆ ವ್ಯಾಪಾರಸ್ಥರ ಮನೆಯಲ್ಲಿ ಹೆಮ್ಮೆಯನ್ನು ಹಾಗೇ ಬಿಡುವುದಿಲ್ಲ, ಅದಕ್ಕೂ ಒಂದು ದಾರಿ ಹುಡುಕುತ್ತಾರೆ. ಮುಂದಿನ ವಾರದಿಂದ ಅಮ್ಮ ಏನು ಉಡಬೇಕೆಂದು ಅಜ್ಜಿ ನಿರ್ಧರಿಸತೊಡಗಿದಳು. ಅಂಗಡಿಯಲ್ಲಿ ಯಾವುದು ಮಾರಿಹೋಗುತ್ತಿಲ್ಲವೋ ಅದು ಸೋಮವಾರ ಅಮ್ಮನ ಮಂಚದ ಮೇಲೆ. ಮೊದಲು ಅಮ್ಮ ಬೀರುವಿನಿಂದ ತನಗೆ ಬೇಕಾದದ್ದನ್ನಾದರೂ ಆರಿಸುತ್ತಿದ್ದಳು, ಈಗ ಅದೂ ತಪ್ಪಿತು. ಕನ್ನಡಿಯ ಮುಂದೆ ಅವಳ ಹಾಡು ನಿಂತಿತು. ಅಮ್ಮ ಅಲಂಕಾರ ಮಾಡಿಕೊಳ್ಳುವಾಗ ಗುನುಗುವವಳು. ಆ ಗುನುಗು ಇಲ್ಲದ ಬೆಳಗು ನನಗೆ ಈಗಲೂ ನೆನಪಿದೆ, ಮನೆ ಭಣಗುಟ್ಟುತ್ತಿತ್ತು. ಒಮ್ಮೆ ಕೇಳಿಯೇ ಬಿಟ್ಟಳು.

"ಅತ್ತೆ, ಈ ವಾರ ನಾನೇ ಆರಿಸ್ತೀನಿ. ಈ ಕಂದು ಚೌಕುಳಿ ನನಗೆ ಒಪ್ಪಲ್ಲ."

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಕಣೆ ಗಿರಿಜಾ. ನಾಕು ಜನ ನೋಡ್ಲಿ ಅಂತ ತಾನೆ ಉಡಾದು? ನಿನ್ ಇಚ್ಛೆ ಎಲ್ಲಿಂದ ಬಂತು ಇದ್ರಾಗೆ?"

ಗಾದೆಗೆ ಎದುರು ಹೇಳುವುದು ಕಷ್ಟ. ಅಮ್ಮ ಕಂದು ಚೌಕುಳಿಯನ್ನೇ ಉಟ್ಟು ಬಸ್ ಹತ್ತಿದಳು.

ಅಷ್ಟಕ್ಕೇ ನಿಂತಿದ್ದರೆ ನಮ್ಮ ಮನೆ ಹಾಗೆಯೇ ಮುಂದುವರಿಯುತ್ತಿತ್ತೇನೋ. ಅಪ್ಪ ಮೈಸೂರಿನ ಸಗಟು ಅಂಗಡಿಗೆ ಹೋದವನು ಬೀಟ್‌ರೂಟ್ ಬಣ್ಣದ ಸೀರೆಗಳ ಒಂದು ಇಡೀ ಗಂಟು ತಂದ. ಅಗ್ಗಕ್ಕೆ ಸಿಕ್ಕಿತ್ತು. ಯಾಕೆ ಅಗ್ಗ ಎಂದು ಅವನು ಕೇಳಲಿಲ್ಲ. ಬಟ್ಟೆಯನ್ನು ಒದ್ದೆ ಮಾಡಿ ಉಜ್ಜಿ ನೋಡುವುದು ಅಂಗಡಿಯವರ ಮೊದಲ ಪಾಠ, ಅಪ್ಪನಿಗೂ ಗೊತ್ತಿದ್ದದ್ದೇ. ಆದರೆ ಆ ಹೊತ್ತಿಗೆ ನಮ್ಮ ಮನೆಯವರು ಬಟ್ಟೆ ನೋಡುವುದನ್ನೇ ಬಿಟ್ಟಿದ್ದರು. ಟೀಚರ್ ಒಂದು ಸಲ ಉಟ್ಟರೆ ಸಾಕು, ಹೋಗುತ್ತದೆ ಎಂಬುದೇ ಅವರ ಲೆಕ್ಕ. ಅಮ್ಮ ಅದರಲ್ಲೊಂದನ್ನು ಒಗೆಯದೆ, ಹೊಸ ಮಡಿಕೆಯ ಸಮೇತ ಒಂದು ದಿನ ಉಟ್ಟಳು. ಆ ಶನಿವಾರ ಗಂಟು ಖಾಲಿಯಾಯಿತು.

ಅದರ ಮುಂದಿನ ವಾರ ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಂತಿದ್ದೆವು. ಸೆಲ್ವಿ ನನ್ನ ಮುಂದೆ. ಅವಳ ಬಿಳಿ ಯೂನಿಫಾರ್ಮ್ ಅಂಗಿ ಬೆನ್ನಿನ ಮೇಲೆಲ್ಲ ಗುಲಾಬಿ, ತೋಳಿನಲ್ಲಿ ಇನ್ನೂ ಗಾಢ. ಮುತ್ತಮ್ಮ ಹೊಸ ಸೀರೆಯನ್ನೂ ಮಗಳ ಅಂಗಿಯನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದ್ದಳು. ಹಿಂದಿನ ಸಾಲಿನಲ್ಲಿ ಇನ್ನೂ ಕೆಲವರ ಅಂಗಿಗೂ ಅದೇ ಗತಿ. ಅಮ್ಮ ಬಂದು ಸೆಲ್ವಿಯ ಮುಂದೆ ನಿಂತಳು. ಏನಾಯಿತೆಂದು ಅವಳು ಕೇಳಬೇಕಾಗಲಿಲ್ಲ. ಬೈಯುತ್ತಾಳೆ ಎಂದುಕೊಂಡೆ. ಸೆಲ್ವಿಯ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಅವಳು ತೋಳು ಎತ್ತಿ ತೋರಿಸಿದಳು.

"ಟೀಚರ್, ನಿಮ್ ಸೀರೆ ಬಣ್ಣ ನಂಗೂ ಬಂತು!"

ಅಮ್ಮ ಅವಳ ಕೆನ್ನೆ ಸವರಿ, ತುಂಬ ಚೆಂದ ಬಂದಿದೆ ಎಂದಳು. ಆಮೇಲೆ ತರಗತಿಯೊಳಗೆ ಹೋಗಿ ಬೋರ್ಡಿನ ಕಡೆಗೆ ತಿರುಗಿ ಬಹಳ ಹೊತ್ತು ನಿಂತಳು, ಏನೂ ಬರೆಯಲಿಲ್ಲ. ನನಗೆ ಅವಳ ಬೆನ್ನು ಕಾಣುತ್ತಿತ್ತು. ಅಮ್ಮ ಅಳುತ್ತಿದ್ದಾಳೆಂದು ತಿಳಿಯಿತು, ನನಗೂ ಅಳು ಬಂತು. ಸಂಜೆ ಮನೆಗೆ ಬಂದೆವು. ಅಜ್ಜಿ ಕಳಲೆ ಸಾರು ಮಾಡಿದ್ದಳು. ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆ ಅಮ್ಮ ಶುರುಮಾಡಿದಳು.

"ಅತ್ತೆ, ಇನ್ಮೇಲೆ ನಾನು ಉಡೋದನ್ನ ನಾನೇ ಆರಿಸ್ತೀನಿ. ಅಂಗಡಿಯಿಂದ, ಕೈಯಾರೆ ಮುಟ್ಟಿ ನೋಡಿ. ಉಳಿಕೆ ಬೀರುವಿನಿಂದ ಬೇಡ."

"ಏನಂದೆ?"

"ನನ್ನ ಮೈಮೇಲೆ ನೋಡಿ ಆ ಹೆಂಗಸರು ನಂಬಿ ತಗೊಂಡ್ರು. ಅವರ ಮಕ್ಕಳ ಅಂಗಿ ಹೋಯ್ತು. ನಾನು ಟೀಚರ್, ಅತ್ತೆ, ಅಂಗಡಿ ಬಾಗಿಲಿನ ಗೊಂಬೆ ಅಲ್ಲ."

ಅಪ್ಪ ಸಾರಿನೊಳಗೆ ಅನ್ನ ಕಲಸಿದ್ದನ್ನೇ ಕಲಸುತ್ತಿದ್ದ. ಅಜ್ಜಿ ಊಟ ಬಿಟ್ಟು ಕೈ ತೊಳೆದುಬಿಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

"ನನ್ ಅತ್ತೆ ಉಟ್ಲು, ನಾ ಉಟ್ಟೆ. ನಿಂಗೊಬ್ಳಿಗೆ ಕೊಂಬು ಬಂದಾವ? ಈ ಮನೇಲಿ ಹೆಣ್ಮಕ್ಳು ಗಾದಿ ಮೇಲೆ ಕೂತು ಸೀರೆ ಆರ್ಸಿದ್ದಿಲ್ಲ. ಬೀರುಂದು ಉಡು, ಇಲ್ಲಾಂದ್ರೆ ನಿನ್ ಹತ್ರ ಇರೋದ್ನೆ ಉಡು."

"ಸರಿ ಅತ್ತೆ. ಇರೋದನ್ನೇ ಉಡ್ತೀನಿ."

ಅಮ್ಮನ ಬಳಿ ತನ್ನದು ಎಂದು ಇದ್ದದ್ದು ಒಂದೇ. ತವರಿನಿಂದ ಬರುವಾಗ ಅವಳ ಅವ್ವ ಕೊಟ್ಟ ಕೈಮಗ್ಗದ ಬಿಳಿ ಸೀರೆ, ಹಸಿರು ಅಂಚಿನದು. ಮರುದಿನ ಅದನ್ನೇ ಉಟ್ಟಳು. ಸಂಜೆ ಬಂದು ಒಗೆದು, ಗಂಜಿ ಹಾಕಿ, ಒಣಗಿಸಿ, ಅದರ ಮರುದಿನವೂ ಅದನ್ನೇ. ಕಾಡಿಗೆ, ಪೌಡರ್, ವಾಚು, ಹೂವು ಯಾವುದೂ ತಪ್ಪಲಿಲ್ಲ. ಸೀರೆ ಮಾತ್ರ ಬದಲಾಗಲಿಲ್ಲ. ಮೊದಲ ವಾರ ಅಜ್ಜಿ ನೋಡದವಳಂತೆ ಇದ್ದಳು. ಎರಡನೆಯ ವಾರ ಬೀರುವಿನಿಂದ ಒಂದು ಒಳ್ಳೆಯದನ್ನೇ ತೆಗೆದು ಮಂಚದ ಮೇಲೆ ಇಟ್ಟಳು. ಅಮ್ಮ ಅದನ್ನು ಮಡಿಸಿ, ಬೀರುವಿನ ಬಾಗಿಲ ಮುಂದೆ ಇಟ್ಟು, ಬಿಳಿ ಸೀರೆ ಉಟ್ಟು ಹೋದಳು. ಅತ್ತೆಗೆ ಒಂದು ಎದುರುಮಾತು ಆಡಲಿಲ್ಲ, ಅಡುಗೆಯಲ್ಲಿ ಒಂದು ಕಲ್ಲು ಉಪ್ಪು ಹೆಚ್ಚುಕಡಿಮೆ ಮಾಡಲಿಲ್ಲ. ಸೀರೆಯೊಂದರಲ್ಲೇ ಅವಳ ಹಟವೆಲ್ಲ ಇತ್ತು. ನನಗೆ ಒಳಗೊಳಗೇ ಭಯ, ಜೊತೆಗೆ ಎಂಥದೋ ಖುಷಿ. ನನ್ನ ಅಮ್ಮ ಇಷ್ಟು ಗಟ್ಟಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಊರಿನ ಕಣ್ಣಿಗೆ ಬೀಳದೆ ಇದ್ದೀತೇ? ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ. ಅಮ್ಮ ಬಸ್ಸಿಳಿದು ತುಂಬಿದ ಸಂತೆಯ ನಡುವೆಯೇ ಮನೆಗೆ ಬರಬೇಕು. ಪ್ರತಿ ವಾರ ಹೊಸ ಬಣ್ಣದಲ್ಲಿ ಕಾಣುತ್ತಿದ್ದ ಟೀಚರ್ ಅದೇ ಬಿಳಿ ಸೀರೆಯಲ್ಲಿ ವಾರದ ಮೇಲೆ ವಾರ ನಡೆದು ಬಂದರೆ ಜನಕ್ಕೆ ನಾಲಗೆ ತುರಿಸುತ್ತದೆ. ಹಸಿಮೆಣಸು ತೂಗುವವರು, ಬಿದಿರುಬುಟ್ಟಿ ಮಾರುವವರು ಎಲ್ಲ ನನ್ನನ್ನೇ ಹಿಡಿದು ಕೇಳತೊಡಗಿದರು. ಅಂಗಡಿ ಮುಚ್ತಾರಂತಾ? ಮನೇಲಿ ಭಾಗ ಆಯ್ತಂತಾ? ಕೊನೆಗೆ ಕೊಡವರ ಪೈಕಿ ನಮ್ಮ ಖಾಯಂ ಗಿರಾಕಿಯಾಗಿದ್ದ ಬೊಳ್ಳಮ್ಮ ಎಂಬುವರು ಅಂಗಡಿಯಲ್ಲೇ, ಎಲ್ಲರೆದುರು ಅಪ್ಪನನ್ನು ಕೇಳಿಬಿಟ್ಟರು.

"ಎಂತ ಶೆಟ್ರೆ, ಊರಿಗೆಲ್ಲ ಸೀರೆ ಕೊಡ್ತೀರಿ, ಮನೆ ಟೀಚರ್‌ಗೆ ಕೊಡ್ಲಿಕ್ಕೆ ಒಂದು ಇಲ್ವಾ ನಿಮ್ಮಲ್ಲಿ?"

ಅಪ್ಪ ಹಲ್ಲು ಕಿರಿದು ಏನೋ ಹೇಳಿದ. ಅಜ್ಜಿಯ ಮುಖ ಸಣ್ಣಗಾಯಿತು. ಆವತ್ತು ಬಂದ ಗಿರಾಕಿಗಳು ಸೀರೆ ಬಿಡಿಸಿ ನೋಡಿದರು, ಟೀಚರ್ ಯಾವುದು ಉಡ್ತಾರೆ ಎಂದು ಕೇಳಿದರು, ಉತ್ತರ ಸಿಗದೆ ಎದ್ದು ಹೋದರು.

ಅದರ ಮುಂದಿನ ಶನಿವಾರ. ಎಂದಿನಂತೆ ಬಸ್ಸಿಳಿದೆವು. ಅಮ್ಮನ ಜೊತೆ ಸೆಲ್ವಿಯ ತಾಯಿ ಮುತ್ತಮ್ಮನೂ ಇದ್ದಳು, ಕಂಕುಳಲ್ಲಿ ಮಡಿಸಿದ ಬೀಟ್‌ರೂಟ್ ಸೀರೆ. ನಾವು ಮನೆಗೆ ಹೋಗುವುದು ಪಕ್ಕದ ಓಣಿಯಿಂದ, ಹಿಂಬಾಗಿಲಿಗೆ. ಮನೆಯ ಹೆಂಗಸರು ಅಂಗಡಿಯ ಮುಂಬಾಗಿಲಿನಿಂದ ಬರುವ ಪದ್ಧತಿಯೇ ಇರಲಿಲ್ಲ. ಅಮ್ಮ ಓಣಿಯ ಬಾಯಲ್ಲಿ ಒಂದು ಕ್ಷಣ ನಿಂತಳು, ನನ್ನ ಕೈ ಹಿಡಿದಳು, ನೇರ ಅಂಗಡಿಯ ಮೆಟ್ಟಿಲು ಹತ್ತಿದಳು. ಚಪ್ಪಲಿಯನ್ನು ಗಿರಾಕಿಗಳ ಚಪ್ಪಲಿಯ ಜೊತೆಗೆ ಬಿಟ್ಟಳು. ಬಿಳಿ ಹಾಸಿನ ಗಾದಿಯ ಮೇಲೆ ಹೆಂಗಸರು ತುಂಬಿದ್ದರು, ಬೊಳ್ಳಮ್ಮನೂ ಇದ್ದರು. ಅವರು ಸರಿದು ಜಾಗ ಬಿಟ್ಟರು. ಅಮ್ಮ ಮುತ್ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಲು ಮಡಚಿ, ಸೆರಗು ಸರಿಮಾಡಿಕೊಂಡು ಕೂತಳು.

"ಮೊದಲು ಇವರ ಸೀರೆ ಬದಲಾಯಿಸಿ ಕೊಡಿ, ಬಣ್ಣ ಬಿಟ್ಟಿದೆ. ಆ ಬೀಟ್‌ರೂಟ್ ಗಂಟಿಂದ ತಗೊಂಡೋರು ಯಾರು ಬಂದ್ರೂ ಬದಲಾಯಿಸಿ ಕೊಡಿ. ಆಮೇಲೆ ನನಗೊಂದು ತೋರಿಸಿ."

ಅಪ್ಪ ಅಮ್ಮನನ್ನು ನೋಡಿದ, ಅಜ್ಜಿಯನ್ನು ನೋಡಿದ. ಕೈಯಲ್ಲಿದ್ದ ಬಟ್ಟೆ ಅಳೆಯುವ ಗಜಕಡ್ಡಿಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅಮ್ಮನ ಬೆರಳುಗಳು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿದ್ದವು. ಅಜ್ಜಿ ಎದ್ದು ಪರದೆಯಾಚೆ ಹೋದರೆ ಎಲ್ಲ ಮುಗಿದಂತೆ. ಅಮ್ಮ ಊರೆದುರು ಸೋತಂತೆ, ಮುಂದೆ ಜೀವಮಾನವಿಡೀ ಬೀರು ಕೊಟ್ಟದ್ದನ್ನು ಉಡಬೇಕು. ಅಷ್ಟು ನನಗೂ ಅರ್ಥವಾಗುತ್ತಿತ್ತು. ಅಜ್ಜಿ ಎದ್ದಳು. ಮೊಣಕಾಲಿಗೆ ಕೈಕೊಟ್ಟು, ನಿಧಾನವಾಗಿ. ಪರದೆಯ ಕಡೆಗಲ್ಲ, ಕಪಾಟಿನ ಕಡೆಗೆ ಹೋದಳು.

"ಏನ್ ನೋಡ್ತೀಯ ಮಗಾ ಬಾಯಿ ಬಿಟ್ಕಂಡು? ಮುತ್ತಮ್ಮಂಗೆ ಬೇಕಾದ್ದು ಕೊಡು. ಟೀಚರ್‌ಗೆ ನಾ ತೋರ್ಸ್ತೀನಿ."

ಅಜ್ಜಿ ಅಮ್ಮನನ್ನು ಟೀಚರ್ ಎಂದದ್ದು ಅದೇ ಮೊದಲು. ಮೇಲಿನ ಕಪಾಟಿನಿಂದ ಹಬ್ಬಕ್ಕೆಂದು ತೆಗೆದಿಟ್ಟಿದ್ದ ಸೀರೆಗಳನ್ನು ಇಳಿಸಿ, ಅಪ್ಪನಿಗಿಂತ ಚೆನ್ನಾಗಿ, ಒಂದೇ ಬೀಸಿಗೆ ಸೆರಗು ಹರವಿದಳು. ಅಮ್ಮ ಕರ್ಚೀಫನ್ನು ನೀರಿಗೆ ಅದ್ದಿ ಅಂಚಿನ ಮೂಲೆ ಉಜ್ಜಿ ನೋಡಿದಳು. ಕರ್ಚೀಫಿಗೆ ಬಣ್ಣ ಹತ್ತಿಸಿದ ಸೀರೆಯನ್ನು ಪಕ್ಕಕ್ಕಿಟ್ಟಳು. ಗಾದಿಯ ಮೇಲಿದ್ದ ಹೆಂಗಸರೆಲ್ಲ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಬೊಳ್ಳಮ್ಮ ತಮ್ಮ ಕರ್ಚೀಫನ್ನೂ ಒದ್ದೆ ಮಾಡಿದರು, ಮುತ್ತಮ್ಮ ತನ್ನ ಸೆರಗಿನ ತುದಿಯನ್ನೇ ಅದ್ದಿದಳು. ಅಪ್ಪ ಒಳಗಿನಿಂದ ಚೊಂಬಿನ ಮೇಲೆ ಚೊಂಬು ನೀರು ತಂದಿಟ್ಟ. ಬಣ್ಣ ಬಿಡುವ ಸೀರೆಗಳು ಒಂದು ಕಡೆ ರಾಶಿ, ಬಿಡದವು ಒಂದು ಕಡೆ. ಅಮ್ಮ ಕೊನೆಗೆ ಆರಿಸಿದ್ದು ಹಣ್ಣಾದ ಕಾಫಿಯ ಕೆಂಪು, ಸಣ್ಣ ಅಂಚು, ಹತ್ತಿ ಸೀರೆ. ಅದನ್ನು ಹೆಗಲಿಗೆ ಹಿಡಿದು ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ನಿಂತಳು. ಆ ಕನ್ನಡಿಯಲ್ಲಿ ಅವಳಿಗೆ ತಾನು ಪೂರ್ತಿಯಾಗಿ ಕಂಡದ್ದು ಅದೇ ಮೊದಲ ಸಲವಿರಬೇಕು. ಅವಳ ಮುಖ ಆಗ ಎಷ್ಟು ಚೆಂದ ಕಂಡಿತೆಂದರೆ ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ತಟ್ಟಿಯೇ ಬಿಟ್ಟೆ. ಹೆಂಗಸರೆಲ್ಲ ನಕ್ಕರು, ಅಮ್ಮನೂ ನಕ್ಕಳು. ಸಂಜೆಯವರೆಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮಲ್ಲಿ ನೋಡಿ, ಉಜ್ಜಿ, ಆಮೇಲೆ ತಗೊಳ್ಳಿ ಎಂದು ಅಪ್ಪ ಎಲ್ಲ ಭಾಷೆಯಲ್ಲೂ ಕೂಗಿ ಹೇಳುತ್ತಿದ್ದ, ತಾನೇ ಕಂಡುಹಿಡಿದವನ ಹಾಗೆ.

ಸೋಮವಾರ ಅಮ್ಮ ಕೆಂಪು ಸೀರೆ ಉಟ್ಟು, ಜೋರಾಗಿಯೇ ಹಾಡಿಕೊಂಡು ಜಡೆ ಹೆಣೆದಳು. ಶಾಲೆಯ ಗೇಟಿನಲ್ಲಿ ಮಕ್ಕಳು ಓ ಎಂದು ಕಿರುಚಿದರು. ಅಜ್ಜಿ ಮಾತ್ರ ಆ ವಾರವೆಲ್ಲ ಗುಮ್ಮೆಂದು ಇದ್ದಳು. ಕೋಪವೇ ಇರಬೇಕು, ಇನ್ನು ಯಾವಾಗಲೋ ಸಿಡಿಯುತ್ತದೆ ಎಂದು ಅಪ್ಪ ಹೆದರಿಕೊಂಡು ಓಡಾಡುತ್ತಿದ್ದ. ಸಂತೆಯಿಲ್ಲದ ಒಂದು ದಿನ, ಮಧ್ಯಾಹ್ನ, ಅಂಗಡಿ ಖಾಲಿ, ಅಪ್ಪ ಒಳಗೆ ಮಲಗಿದ್ದ. ನಾನೂ ಅಮ್ಮನೂ ಶಾಲೆಗೆ ರಜೆಯಿದ್ದದ್ದರಿಂದ ಗಾದಿಯ ಮೇಲೆ ಚದುರಿದ್ದ ಸೀರೆ ಮಡಿಸುತ್ತಿದ್ದೆವು. ಅಜ್ಜಿ ತನ್ನ ಮೂಲೆಯಿಂದ ಎದ್ದು ಈ ಕಡೆಗೆ ಬಂದಳು. ಗಿರಾಕಿಗಳು ಕೂರುವ ಕಡೆ, ನಮ್ಮೆದುರು, ಕಾಲು ಮಡಚಿ ಕೂತಳು.

"ನಂಗೂ ಒಂದು ತೋರ್ಸು."

ಅಮ್ಮ ಮಡಿಸುತ್ತಿದ್ದ ಸೀರೆಯನ್ನು ಕೆಳಗಿಟ್ಟಳು.

"ಯಾವ ಬಣ್ಣ ಅತ್ತೆ?"

ಅಜ್ಜಿ ಬಹಳ ಹೊತ್ತು ಕಪಾಟುಗಳನ್ನೇ ನೋಡಿದಳು. ಆ ಕಪಾಟುಗಳಲ್ಲಿ ಯಾವ ಸೀರೆ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು.

"ನಂಗೆ ಯಾವ್ದು ಇಷ್ಟ ಅಂತ ನಂಗೇ ಗೊತ್ತಿಲ್ಲ ಕಣೆ ಗಿರಿಜಾ. ಯಾರೂ ಕೇಳ್ಲಿಲ್ಲ, ನಾನೂ ಕೇಳ್ಕಳ್ಲಿಲ್ಲ."

ಅಮ್ಮ ಎದ್ದು ಒಂದು ತುದಿಯಿಂದ ಶುರುಮಾಡಿ ಸೀರೆಗಳನ್ನು ಇಳಿಸಿದಳು. ನಾನು ಹರವಿದೆ. ಅಜ್ಜಿ ಒಂದೊಂದನ್ನೇ ತೊಡೆಯ ಮೇಲೆ ಎಳೆದುಕೊಂಡು ಅಂಗೈಯಿಂದ ಸವರಿ ಸವರಿ ನೋಡಿದಳು. ಬೇಡ ಎಂದಳು, ಇದು ಅಲ್ಲ ಎಂದಳು, ಇದು ಮುದುಕೀರ್ದು ಎಂದು ಒಂದನ್ನು ಆಚೆ ತಳ್ಳಿದಳು. ಅಂಗಡಿಯ ಅರ್ಧ ಸರಕು ಗಾದಿಯ ಮೇಲೆ ಬಿದ್ದ ಮೇಲೆ ಅವಳ ಕೈ ಒಂದು ಕಡೆ ನಿಂತಿತು. ಗಿಣಿ ಹಸಿರು. ಹಳದಿ ಅಂಚು. ಊರಲ್ಲಿ ಹೊಸ ಮದುಮಕ್ಕಳು ಉಡುವಂಥದ್ದು. ಅಮ್ಮ ಅದನ್ನು ಎತ್ತಿ ಅಜ್ಜಿಯ ಹೆಗಲ ಮೇಲೆ ಹೊದಿಸಿ, ಕೈ ಹಿಡಿದು ಕನ್ನಡಿಯ ಮುಂದೆ ನಿಲ್ಲಿಸಿದಳು. ಇಬ್ಬರೂ ಅತ್ತರು. ನಾನು ಇಬ್ಬರ ನಡುವೆ ನುಗ್ಗಿ ನಿಂತು ಅವರ ಜೊತೆಗೇ ಕನ್ನಡಿ ನೋಡಿದೆ.

ಆ ಶನಿವಾರ ಅಜ್ಜಿ ಗಿಣಿ ಹಸಿರು ಉಟ್ಟಳು. ಅಮ್ಮ ನೆರಿಗೆ ಹಿಡಿದುಕೊಟ್ಟಳು, ಪಿನ್ನು ಹಾಕಿದಳು, ಸ್ವಲ್ಪ ಪೌಡರನ್ನೂ ಬಳಿದಳು. ವಿಭೂತಿಗೆ ಮುಂಚೆ. ಅಷ್ಟು ವರ್ಷ ಸಂತೆಯನ್ನು ಅಂಗಡಿಯ ಒಳಗಿನಿಂದಲೇ ನೋಡಿದ್ದ ಅಜ್ಜಿ ಮೆಟ್ಟಿಲಿಳಿದು ಬೀದಿಗೆ ಬಂದಳು. ಒಂದು ಪಕ್ಕ ಅಮ್ಮ, ಒಂದು ಪಕ್ಕ ನಾನು. ತರಕಾರಿಯ ಸಾಲು, ಬಳೆಯ ಸಾಲು, ಬುಟ್ಟಿಯ ಸಾಲು, ಎಲ್ಲ ದಾಟಿ ಸಂತೆಯ ಆ ತುದಿಯವರೆಗೆ, ಯಾವ ಗಡಿಬಿಡಿಯೂ ಇಲ್ಲದೆ. ಜನ ದಾರಿ ಬಿಟ್ಟು ನೋಡಿದರು. ಹಸಿಮೆಣಸು ತೂಗುತ್ತಿದ್ದ ಹೆಂಗಸು ತಕ್ಕಡಿ ಹಾಗೇ ಹಿಡಿದು ಕೇಳಿದಳು.

"ಅಜ್ಜಮ್ಮ, ಏನ್ ಚೆಂದ ಐತೆ ಸೀರೆ! ಟೀಚರ್ ಆರ್ಸಿಕೊಟ್ರಾ?"

ಅಜ್ಜಿ ನಿಂತಳು. ನಾಲ್ಕು ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಇಲ್ಲ ಕಣವ್ವ. ನಾನೇ ಆರ್ಸಿದ್ದು."